ಕಡಲೆದುರಿನ ಸೂಟ್‌ನಲ್ಲಿ ಮೂರು ಬೆಳಗು

ಇನ್ನೂರ ಎಂಟನೇ ರೂಮಿನ ಹಾಸಿಗೆ ಅರ್ಧ ಬಿಚ್ಚಿದೆ. ಆ ತುದಿಯಲ್ಲಿ ಮಾದೇವಮ್ಮ, ಈ ತುದಿಯಲ್ಲಿ ಸೆಲ್ವಮೇರಿ. ಬೆಳಗಿನ ಆರೂಕಾಲು. ಮೊದಲ ರೈಲು ಹಿಡಿಯಬೇಕಿದ್ದ ಅತಿಥಿಗಳು ಹೊರಟು ಇನ್ನೂ ಇಪ್ಪತ್ತು ನಿಮಿಷವಾಗಿಲ್ಲ. ಹೊರಡುವ ಮುಂಚೆ ಅವರು ಹೊದಿಕೆಯನ್ನು ಮಡಿಚಿದ್ದಾರೆ, ದಿಂಬುಗಳನ್ನು ಸಾಲಾಗಿ ಒರಗಿಸಿದ್ದಾರೆ, ಬಳಸಿದ ಟವೆಲುಗಳನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನ ಹೊಸ ಟವೆಲುಗಳ ಜೊತೆಗೇ ಪೇರಿಸಿದ್ದಾರೆ.

"ಒಳ್ಳೇ ಜನ ಕಣ್ರೀ ಮೇರಮ್ಮ," ಎನ್ನುತ್ತಾಳೆ ಮಾದೇವಮ್ಮ. "ನಮ್ಗೆ ಎರಡರಷ್ಟು ಕೆಲ್ಸ ಕೊಟ್ಟು ಪುಣ್ಯ ಕಟ್ಕೊಂಡೋದ್ರು."

ಈ ಕೆಲಸದವರಿಗಷ್ಟೇ ಅರ್ಥವಾಗುವ ತಮಾಷೆ ಅದು. ಅತಿಥಿ ಎಲ್ಲವನ್ನೂ ಹರಡಿ ಹೋದರೆ ಯಾವುದು ಮೈಲಿಗೆ, ಯಾವುದು ಮಡಿ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಜೋಡಿಸಿಟ್ಟು ಹೋದರೆ ಒಂದೊಂದನ್ನೂ ಬಿಚ್ಚಿ, ಮುಟ್ಟಿ, ಮೂಸಿ ನೋಡಬೇಕು. ಒಂದು ಕಾಲದಲ್ಲಿ ಸೆಲ್ವಮೇರಿಯೂ ಈ ಮಾತಿಗೆ ನಗುತ್ತಿದ್ದವರೇ. ಈಗ ನಗುವುದಿಲ್ಲ. ಟವೆಲುಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ, ತೇವವಿದ್ದದ್ದನ್ನು ಟ್ರಾಲಿಯ ಚೀಲಕ್ಕೆ ಹಾಕುತ್ತಾರೆ.

ಐವತ್ತೇಳು ವರ್ಷದ ಸೆಲ್ವಮೇರಿ ಮೈಸೂರಿನ ಈ ಹೋಟೆಲಿನ ಅತಿ ಹಿರಿಯ ರೂಂ ಅಟೆಂಡೆಂಟ್. ಕೆಸರೆಯ ಮನೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾರೆ. ಗಂಡ ಕ್ಸೇವಿಯರ್ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಪ್ರೆಸ್ಸು ಬಾಗಿಲು ಹಾಕಿದ ವರ್ಷ, ಮಗಳು ಮರ್ಲಿನ್ ಇನ್ನೂ ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಕೆಲಸಕ್ಕೆ ಸೇರಿದವರು. ಆಗ ಇಲ್ಲಿ ಇಪ್ಪತ್ತೆರಡು ರೂಮು. ಈಗ ತೊಂಬತ್ತು. ಒಂದು ಪಾಳಿಗೆ ಒಬ್ಬೊಬ್ಬರ ಪಾಲಿಗೆ ಹದಿನಾಲ್ಕು ರೂಮು, ಒಂದಕ್ಕೆ ಇಪ್ಪತ್ತೈದು ನಿಮಿಷ, ಹದಿನಾಲ್ಕು ಕಮೋಡು, ಐವತ್ತಾರು ದಿಂಬು. ಹಾಸಿಗೆ ಎತ್ತಿ ಎತ್ತಿ ಬಲಭುಜ ಈಗ ತಲೆ ಬಾಚಿಕೊಳ್ಳುವಷ್ಟೂ ಮೇಲೇಳುವುದಿಲ್ಲ. ಬೆರಳ ಸಂದಿಯನ್ನು ಫಿನೈಲು ತಿಂದಿದೆ.

"ಬೆಡ್‌ಶೀಟಲ್ಲಿ ಒಂದು ನಿರಿಗೆ ಇದ್ರೂ ನಂಗೆ ಊಟ ಸೇರಾಕಿಲ್ಲ," ಎನ್ನುತ್ತಾರೆ. "ಅದೊಂದು ರೋಗ ಅಂದ್ಕೊಳ್ಳಿ."

ಆ ರೋಗವೇ ತನ್ನಿಂದ ಒಂದು ತಪ್ಪು ಮಾಡಿಸಿತು ಎಂಬುದು ಅವರ ಒಳಗಿನ ಕೊರಗು.

ಇಪ್ಪತ್ತೈದು ವರ್ಷ ಪೂರೈಸಿದವರಿಗೆ ಹೋಟೆಲಿನ ಮಾಲೀಕರು ಒಂದು ಬಹುಮಾನ ಕೊಡುತ್ತಾರೆ. ಕರಾವಳಿಯಲ್ಲಿ ಅವರದೇ ಒಂದು ರೆಸಾರ್ಟ್ ಇದೆ. ಅಲ್ಲಿಯ ಅತ್ಯಂತ ದುಬಾರಿ ಸೂಟ್‌ನಲ್ಲಿ ಇಬ್ಬರಿಗೆ ಮೂರು ರಾತ್ರಿ ವಾಸ. ಹೋದ ವರ್ಷ ಫೆಬ್ರವರಿಯಲ್ಲಿ ಸೆಲ್ವಮೇರಿ ಮತ್ತು ಕ್ಸೇವಿಯರ್ ಹೋದರು. ಮರ್ಲಿನ್ ಅಪ್ಪನಿಗೆ ಹೂವಿನ ಚಿತ್ರದ ಅಂಗಿ ಕೊಡಿಸಿದ್ದಳು. ಬಸ್ಸಿನಲ್ಲಿ ಅದನ್ನು ಹಾಕಿಕೊಳ್ಳಲು ನಾಚಿ, ರೆಸಾರ್ಟಿನ ಗೇಟಿನ ಹತ್ತಿರ ಮರದ ಮರೆಯಲ್ಲಿ ನಿಂತು ಬದಲಾಯಿಸಿಕೊಂಡರಂತೆ.

ಸೂಟ್ ಎಂದರೆ ರೂಮಲ್ಲ, ಒಂದು ಮನೆ. ಕೂರುವ ಕೋಣೆ ಬೇರೆ, ಮಲಗುವ ಕೋಣೆ ಬೇರೆ. ಅಂಗಳದಲ್ಲಿ ಇವರಿಬ್ಬರಿಗೆಂದೇ ಒಂದು ಪುಟ್ಟ ಈಜುಕೊಳ, ಎರಡು ತೆಂಗಿನ ಮರದ ನಡುವೆ ಬಲೆಯ ತೂಗುಮಂಚ, ಮೇಲೆ ಆಕಾಶ ಬಿಟ್ಟುಕೊಂಡ ಬಚ್ಚಲು. ಕಡಲಿನ ಕಡೆಗೆ ಗೋಡೆಯೇ ಇಲ್ಲ, ಈ ಮೂಲೆಯಿಂದ ಆ ಮೂಲೆಯವರೆಗೆ ಗಾಜು. ಹಾಸಿಗೆಯ ಮೇಲೆ ಏಳು ದಿಂಬು. ಕ್ಸೇವಿಯರ್ ಬಾತ್‌ಟಬ್ಬಿನಲ್ಲಿ ಕುತ್ತಿಗೆವರೆಗೆ ಮುಳುಗಿ, ಸಮುದ್ರ ನೋಡುತ್ತಾ, ಇನ್ನು ತಾನು ಏಳುವುದಿಲ್ಲ, ಊಟವನ್ನೂ ಇಲ್ಲಿಗೇ ತಾ ಎಂದರು. ರಾತ್ರಿ ದೀಪ ಆರಿಸುವ ಸ್ವಿಚ್ ಸಿಗದೆ ಇಬ್ಬರೂ ಅರ್ಧ ಗಂಟೆ ಹುಡುಕಾಡಿದರು.

ಸೆಲ್ವಮೇರಿಗೆ ಮಾತ್ರ ಕಣ್ಣು ಹೋದಲ್ಲೆಲ್ಲ ಕೆಲಸವೇ ಕಂಡಿತು. ಕಲ್ಲಿನ ಬೇಸಿನ್ನಿನ ಮೇಲೆ ನೀರಿನ ಕಲೆ ಬೇಗ ಕೂರುತ್ತದೆ. ಬಲೆಯ ತೂಗುಮಂಚದಲ್ಲಿ ಮರಳು ಸಿಕ್ಕಿಕೊಳ್ಳುತ್ತದೆ. ಇಷ್ಟಗಲದ ಗಾಜನ್ನು ಒರೆಸುವವರು ಯಾರು?

ಉತ್ತರ ಮರುದಿನ ಬೆಳಿಗ್ಗೆ ಸಿಕ್ಕಿತು. ಅಭ್ಯಾಸ ಬಲದಿಂದ ನಾಲ್ಕೂವರೆಗೇ ಎದ್ದ ಸೆಲ್ವಮೇರಿ ಗಂಡನನ್ನು ಎಬ್ಬಿಸಿ ಕುರ್ಚಿಗೆ ದಾಟಿಸಿ, ಹಾಸಿಗೆಯನ್ನು ಮೈಸೂರಿನ ಹೋಟೆಲಿನಲ್ಲಿ ಮಾಡುವಂತೆಯೇ ಬಿಗಿಯಾಗಿ ಮಾಡಿ, ಬಚ್ಚಲು ಉಜ್ಜಿ, ಕಾಫಿ ಹಿಡಿದು ಗಾಜಿನ ಮುಂದೆ ಕೂತಿದ್ದರು. ಬೆಳಕು ಹರಿಯುವ ಹೊತ್ತಿಗೆ ಗಾಜಿನ ಆಚೆ ಮೂವತ್ತು ದಾಟಿದ ಒಬ್ಬ ಹೆಂಗಸು ಬಂದು, ರಾತ್ರಿಯ ಗಾಳಿ ಬಳಿದು ಹೋದ ಉಪ್ಪನ್ನು ಬಟ್ಟೆಯಿಂದ ಒರೆಸತೊಡಗಿದಳು. ಒಳಗೆ ಕೂತವರ ಕಡೆ ಆಕೆ ನೋಡಲಿಲ್ಲ. ಅತಿಥಿಗಳನ್ನು ನೋಡಬಾರದೆಂಬುದು ಸೆಲ್ವಮೇರಿ ತಾನೇ ಎಷ್ಟೋ ಜನಕ್ಕೆ ಕಲಿಸಿದ ಪಾಠ.

"ಆಚೆ ಇನ್ನೊಬ್ಳು ತೋಳು ಎತ್ಕೊಂಡು ಉಪ್ಪು ಒರೆಸ್ತಾವಳೆ, ಒಳಗೆ ನಂಗೆ ಕಾಫಿ ಎಂಗೆ ಇಳೀತದೆ ಹೇಳಿ," ಎನ್ನುತ್ತಾರೆ ಸೆಲ್ವಮೇರಿ.

ಬಾಗಿಲು ತೆಗೆದು ಹೋಗಿ ಮಾತಾಡಿಸಿದರು. ಹೆಸರು ಶಾರದ. ಪಕ್ಕದ ಊರಿನವಳು. ಆರು ವರ್ಷದಿಂದ ಇಲ್ಲಿ ಕೆಲಸ, ಸೂಟ್‌ಗಳ ಉಸ್ತುವಾರಿ ಸಿಕ್ಕಿ ಒಂದು ವರ್ಷ. ತಾನೂ ಇದೇ ಕೆಲಸದವಳು ಎಂದು ಸೆಲ್ವಮೇರಿ ಹೇಳಿದಾಗ ಶಾರದ ನಂಬಲಿಲ್ಲ. ಅಂಗೈ ತೋರಿಸಿದ ಮೇಲೆ ನಂಬಿದಳು. ಎಂಟು ಗಂಟೆಗೆ ಆಕೆ ಟ್ರಾಲಿ ತಂದು ಬಾಗಿಲು ತಟ್ಟಿದಾಗ ಸೆಲ್ವಮೇರಿ ಒಳಗೆ ಬಿಡಲಿಲ್ಲ. ಎಲ್ಲ ಆಗಿದೆ, ಆ ಹೊತ್ತು ನೀನು ಸುಮ್ಮನೆ ಕೂತು ಸುಧಾರಿಸಿಕೋ ಎಂದರು.

ಶಾರದಳ ಮುಖ ಸಣ್ಣದಾಯಿತು. ಸೂಟ್‌ನಲ್ಲಿ ದಿನವೂ ಹಾಸಿಗೆ ಬಟ್ಟೆ ಬದಲಾಯಿಸಬೇಕು, ಮೂವತ್ತೊಂದು ಕೆಲಸಗಳ ಪಟ್ಟಿಗೆ ಟಿಕ್ ಹಾಕಿ ಸಹಿ ಮಾಡಬೇಕು, ಮಾಡದೆ ಹಾಕುವಂತಿಲ್ಲ ಎಂದು ಮೆಲ್ಲಗೆ ಹೇಳಿದಳು. ಒಂದು ಸಲವಲ್ಲ, ಮೂರು ಸಲ.

"ಟಿಕ್ ಹಾಕ್ಕೊಂಡು ಹೋಗು ಕಣಮ್ಮ," ಎಂದರು ಸೆಲ್ವಮೇರಿ. "ನಾನೇನು ಯಾರ್ಗೂ ಹೇಳಾಕಿಲ್ಲ."

ಅತಿಥಿ ಬೇಡವೆಂದ ಮೇಲೆ ಒಳಗೆ ನುಗ್ಗುವಂತಿಲ್ಲ. ಶಾರದ ಟಿಕ್ ಹಾಕಿದಳು. ಎರಡನೆಯ ದಿನವೂ ಹಾಗೇ, ಮೂರನೆಯ ದಿನವೂ ಹಾಗೇ. ಮೂರನೆಯ ದಿನ ಶಾರದಳೇ ಗಂಡ ಹೆಂಡತಿಯನ್ನು ಕೊಳದ ಕಟ್ಟೆಯ ಮೇಲೆ ಕೂರಿಸಿ ಫೋನಿನಲ್ಲಿ ಚಿತ್ರ ತೆಗೆದು, ನಂಬರು ಕೇಳಿ ಕಳಿಸಿಕೊಟ್ಟಳು. ಒಬ್ಬ ಹೆಣ್ಣುಮಗಳಿಗೆ ಮೂರು ದಿನ ಬಿಡುವು ಕೊಡಿಸಿದೆ ಎಂಬ ಸಂತೋಷಕ್ಕೆ ಸೆಲ್ವಮೇರಿಗೆ ಸಮುದ್ರ ಇನ್ನಷ್ಟು ಚೆನ್ನಾಗಿ ಕಂಡಿತು.

ಹೊರಡುವಾಗ ರೆಸಾರ್ಟಿನ ಮ್ಯಾನೇಜರ್ ಕೈ ಮುಗಿದು, ಎಲ್ಲ ಹೇಗಿತ್ತು, ಕೆಲಸದಲ್ಲಿ ಏನಾದರೂ ಕೊರತೆ ಇತ್ತೇ ಎಂದು ಕೇಳಿದರು. ಇಪ್ಪತ್ತೈದು ವರ್ಷದಲ್ಲಿ ಒಬ್ಬ ಮ್ಯಾನೇಜರ್ ಸೆಲ್ವಮೇರಿಯ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ನಾಲಿಗೆ ಸಡಿಲವಾಯಿತು.

"ಏನೂ ಕೊರತೆ ಇಲ್ಲ ಸಾರ್," ಎಂದರು ನಗುತ್ತಾ. "ಮೂರು ದಿನಾನೂ ರೂಮು ನಾನೇ ಮಾಡ್ಕೊಂಡೆ. ನಿಮ್ಮ ಹುಡುಗಿ ಒಳಗೆ ಕಾಲಿಡೋ ಹಂಗೇ ಇರ್ಲಿಲ್ಲ."

ಮೈಸೂರಿನ ಕೈಯ ಕಸುಬು ನೋಡಿ ಎಂಬ ಹೆಮ್ಮೆಯೊಂದೇ ಆ ಮಾತಿನಲ್ಲಿ ಇದ್ದದ್ದು. ಮ್ಯಾನೇಜರ್ ಕೂಡ ನಕ್ಕರು. ನಕ್ಕು, ಏನೋ ಬರೆದುಕೊಂಡರು. ಟಿಕ್ಕಿನ ವಿಷಯ ಆ ಗಳಿಗೆಯಲ್ಲಿ ಸೆಲ್ವಮೇರಿಯ ತಲೆಯಲ್ಲೇ ಇರಲಿಲ್ಲ.

ಎರಡು ತಿಂಗಳ ಮೇಲೆ, ಮೈಸೂರಿನಲ್ಲಿ ಹೊಸ ತಂಡಕ್ಕೆ ತರಬೇತಿ ಶುರುವಾದ ದಿನ, ಹೌಸ್‌ಕೀಪಿಂಗ್ ಮ್ಯಾನೇಜರ್ ನಂಜುಂಡಸ್ವಾಮಿ ಸೆಲ್ವಮೇರಿಯನ್ನು ಎಲ್ಲರ ಮುಂದೆ ನಿಲ್ಲಿಸಿದರು. ಕರಾವಳಿಯ ರೆಸಾರ್ಟಿನಲ್ಲಿ ಒಬ್ಬ ಹುಡುಗಿ ಕೆಲಸ ಮಾಡದೆ ಸುಳ್ಳು ಟಿಕ್ ಹಾಕುತ್ತಿದ್ದಳು, ನಮ್ಮ ಸೆಲ್ವಮೇರಿ ಇದ್ದದ್ದು ಇದ್ದಂತೆ ಹೇಳಿದ್ದರಿಂದ ಗೊತ್ತಾಯಿತು, ಆ ಹುಡುಗಿಯನ್ನು ತೆಗೆದುಹಾಕಿದರು, ಪ್ರಾಮಾಣಿಕತೆ ಅಂದರೆ ಇದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಂಜುಂಡಸ್ವಾಮಿ ಕೆಟ್ಟವರಲ್ಲ, ಅವರಿಗೆ ಬಂದ ಸುದ್ದಿ ಅಷ್ಟೇ. ಟಿಕ್ ಹಾಕಿಸಿದವರು ಯಾರು ಎಂದು ಅಲ್ಲಿ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ.

"ಆವತ್ತೇ ಹೇಳ್ಬುಡಬೇಕಿತ್ತು," ಎನ್ನುತ್ತಾರೆ ಈಗ. "ಚಪ್ಪಾಳೆ ಸದ್ದಲ್ಲಿ ಬಾಯಿ ಕಟ್ಟೋಯ್ತು. ಮುಂದಿನ ತಂಡಕ್ಕೂ ಸಾರು ಇದೇ ಕಥೆ ಹೇಳಿದ್ರು, ಎರಡ್ನೇ ಸಲ ಇನ್ನೂ ಕಷ್ಟ ಆಯ್ತು. ಆಮೇಲಾಮೇಲೆ ಸುಮ್ನಿರೋದೇ ಅಭ್ಯಾಸ ಆಯ್ತು."

ಅದೇ ವಾರ ಮನೆಯ ಹಿತ್ತಲಲ್ಲಿ ನಿಂತು ಶಾರದಳಿಗೆ ಫೋನ್ ಮಾಡಿದರು. ಬೈಯಲಿ ಎಂದೇ ಮಾಡಿದ್ದು. ಶಾರದ ಬೈಯಲಿಲ್ಲ. ಈಗ ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಸುಲಿಯುತ್ತಿದ್ದೇನೆ, ಬೇರೆ ಹೋಟೆಲುಗಳಿಗೆ ಅರ್ಜಿ ಹಾಕಿದ್ದೆ, ಅವರು ಹಳೆಯ ಕಡೆ ವಿಚಾರಿಸುತ್ತಾರೆ, ಸುಳ್ಳು ಸಹಿಯ ಮಾತು ಬಂದಕೂಡಲೇ ಬೇಡ ಅನ್ನುತ್ತಾರೆ ಎಂದಳು. ಟಿಕ್ ಹಾಕಲು ಹೇಳಿದ್ದು ನಾನು ಎಂದು ನೀನು ಯಾಕೆ ಹೇಳಲಿಲ್ಲ ಎಂದು ಸೆಲ್ವಮೇರಿ ಕೇಳಿದರು. ನಿಮ್ಮದೂ ಅದೇ ಮಾಲೀಕರ ಕೆಲಸವಲ್ಲವೇ, ಇಬ್ಬರ ಅನ್ನವೂ ಯಾಕೆ ಹೋಗಬೇಕು ಎಂದಳು ಶಾರದ.

"ನೀವು ಒಳ್ಳೇದಕ್ಕೇ ಮಾಡಿದ್ದು ಮೇಡಂ," ಎಂದಳು ಆಮೇಲೆ. "ಆದ್ರೆ ನಂಗೆ ಅದು ಬೇಕಾ ಅಂತ ಒಂದ್ಸಲ ಕೇಳ್ಬೇಕಿತ್ತು ಅಲ್ದಾ."

ಪ್ರತಿ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ತಪ್ಪದೆ ಪಾಪನಿವೇದನೆಗೆ ಹೋಗುತ್ತಿದ್ದ ಸೆಲ್ವಮೇರಿ ಈ ವರ್ಷ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ಎದ್ದು ಬಂದರು. ಫಾದರ್‌ಗೆ ಹೇಳಿ ಕ್ಷಮೆ ಸಿಕ್ಕಿಬಿಟ್ಟರೆ ತನಗೆ ಹಗುರವಾಗುತ್ತದೆ, ಶಾರದಳಿಗೇನು ಸಿಗುತ್ತದೆ ಎಂಬುದು ಅವರ ಯೋಚನೆ. ಎಲ್ಲ ಗೊತ್ತಿರುವ ಕ್ಸೇವಿಯರ್ ಒಂದೆರಡು ಸಲ ಸಮಾಧಾನ ಹೇಳಿ ನೋಡಿದರು. "ನೀನೇನು ಕದ್ದಿದ್ಯಾ ಮೇರಿ? ಹಾಸ್ಗೆ ಮಾಡ್ದೆ, ಅಷ್ಟೇ ತಾನೆ." ಕದ್ದಿದ್ದರೆ ವಾಪಸ್ ಕೊಡಬಹುದಿತ್ತು ಎಂದರಂತೆ ಸೆಲ್ವಮೇರಿ.

ಇನ್ನೆರಡು ತಿಂಗಳಿಗೆ ಅವರಿಗೆ ನಿವೃತ್ತಿ. ಆಮೇಲೂ ಎರಡು ವರ್ಷ, ಹೊಸಬರಿಗೆ ಕೆಲಸ ಕಲಿಸಲು ಅವರನ್ನೇ ಇಟ್ಟುಕೊಳ್ಳುವುದೆಂದು ಮಾತಾಗಿದೆ. ಭುಜಕ್ಕೆ ಭಾರವಿಲ್ಲದ ಕೆಲಸ. ಕ್ಸೇವಿಯರ್ ಅವರ ಸಕ್ಕರೆ ಕಾಯಿಲೆಯ ಔಷಧಿ, ಮನೆ ಬಾಡಿಗೆ ಎಲ್ಲ ಅದರ ಮೇಲೇ ನಿಂತಿವೆ. ಕಾಗದಕ್ಕೆ ಸಹಿ ಮಾಡಬೇಕಾದ ಮಾಲೀಕರ ಮಗ ಗೌತಮ್ ನಾಳೆ ಮೈಸೂರಿಗೆ ಬರುತ್ತಿದ್ದಾರೆ. ಕರಾವಳಿಯ ರೆಸಾರ್ಟ್ ನೋಡಿಕೊಳ್ಳುವವರೂ ಅವರೇ. ನಾಳೆಯೇ ಹೊಸ ತಂಡದ ತರಬೇತಿಯೂ ಶುರು.

ಇನ್ನೂರ ಎಂಟು ಮುಗಿದಿದೆ. ಟ್ರಾಲಿ ತಳ್ಳಿಕೊಂಡು ಹೊರಗೆ ಬಂದರೆ ಓಣಿಯಲ್ಲಿ ನಂಜುಂಡಸ್ವಾಮಿ ಒಂದು ಹಾಳೆ ಹಿಡಿದು ಕಾಯುತ್ತಿದ್ದಾರೆ. ಈ ಸಲ ಆ ಕಥೆಯನ್ನು ಸೆಲ್ವಮೇರಿಯೇ ಹೇಳಬೇಕಂತೆ, ಹೊಸಬರಿಗೆ ನೇರವಾಗಿ ನಾಟುತ್ತದೆ, ಗೌತಮ್ ಕೂಡ ಕೇಳಿಸಿಕೊಳ್ಳಲಿ ಎಂದು ತಾವೇ ಕೂತು ಟೈಪು ಮಾಡಿ ತಂದಿದ್ದಾರೆ.

"ಆಹಾ, ಭಾಷಣ," ಎಂದು ಮಾದೇವಮ್ಮ ಹಿಂದಿನಿಂದ ರೇಗಿಸುತ್ತಾಳೆ. "ಇನ್ನು ನಮ್ಮನ್ನೆಲ್ಲ ಮಾತಾಡ್ಸಾಕಿಲ್ಲ ಬುಡಿ ಇವ್ರು."

ಸೆಲ್ವಮೇರಿ ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಓದುತ್ತಾರೆ. ಏಳನೇ ಕ್ಲಾಸಿನ ಓದು, ನಿಧಾನ. ಹಾಳೆಯಲ್ಲಿ ಸೆಲ್ವಮೇರಿ ಎಂಬ ಹೆಸರು ಐದು ಕಡೆ ಇದೆ. ಶಾರದ ಎಂಬ ಹೆಸರು ಎಲ್ಲೂ ಇಲ್ಲ. ಒಬ್ಬ ಸೋಮಾರಿ ಹುಡುಗಿ ಎಂದಿದೆ. ಓದಿದ್ದನ್ನೇ ಇನ್ನೊಮ್ಮೆ ಓದುತ್ತಾರೆ.

"ಸಾಹೇಬ್ರು ಎಷ್ಟೊತ್ತಿಗೆ ಬತ್ತಾರೆ ಸಾರ್?"

"ಒಂಬತ್ತಕ್ಕೆ. ಯಾಕೆ ಮೇರಮ್ಮ?"

"ಸುಮ್ನೆ ಕೇಳ್ದೆ." ಹಾಳೆಯನ್ನು ಮಡಿಚಿ ಅವರ ಕೈಗೇ ಹಿಂದಿರುಗಿಸುತ್ತಾರೆ. "ಇದು ಬ್ಯಾಡ ಸಾರ್. ನಂಗೆ ಬಾಯಲ್ಲೇ ಬತ್ತದೆ."

ನಂಜುಂಡಸ್ವಾಮಿಗೆ ಖುಷಿ. ಅನುಭವ ಅಂದರೆ ಹೀಗಿರಬೇಕು ಎಂದು ಹಾಳೆಯನ್ನು ಜೇಬಿಗಿಟ್ಟು ಮೆಟ್ಟಿಲಿಳಿದು ಹೋಗುತ್ತಾರೆ. ನಿವೃತ್ತಿಯ ಹೊತ್ತಿಗೆ ಒಂದು ಆಸೆ ಅಂತ ಇದ್ದರೆ ಏನು ಎಂದು ಯಾರಾದರೂ ಕೇಳಿದರೆ, ಹೊಸದಾಗಿ ಬರುವ ಹೆಣ್ಣುಮಕ್ಕಳು ಚೆನ್ನಾಗಿ ಕಲಿಯಲಿ ಎನ್ನುತ್ತಾರೆ ಸೆಲ್ವಮೇರಿ. ನಾಳೆ ಒಂಬತ್ತಕ್ಕೆ ಎದ್ದು ನಿಂತಾಗ ಮೊದಲು ಯಾರ ಹೆಸರು ಹೇಳಬೇಕು, ಆಮೇಲೆ ಟಿಕ್ ಹಾಕಿಸಿದ್ದು ಯಾರೆಂದು ಹೇಗೆ ಹೇಳಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ಜೊತೆಯಲ್ಲೇ ನಡೆಯುತ್ತಿರುವ ಮಾದೇವಮ್ಮನಿಗೂ ಇಲ್ಲ, ಸಂಜೆ ಮನೆಯಲ್ಲಿ ಕ್ಸೇವಿಯರ್‌ಗೂ ಇಲ್ಲ. ಇನ್ನೂ ಹದಿಮೂರು ರೂಮು ಬಾಕಿ. ಇನ್ನೂರ ಒಂಬತ್ತರ ಬಾಗಿಲು ತಟ್ಟಿ, ಒಳಗಿನಿಂದ ಸದ್ದು ಬರುತ್ತದೇನೋ ಎಂದು ಕಾಯುತ್ತಾರೆ.