ಸಣ್ಣಕ್ಕನ ಕನಕಾಂಬರದ ಬೀಜ

ಹರದನಹಳ್ಳಿಯ ಸಣ್ಣಕ್ಕನ ಹಿತ್ತಿಲಲ್ಲಿ ನಲವತ್ತು ವರ್ಷದಿಂದ ಕನಕಾಂಬರ ಬಿಡುತ್ತಿತ್ತು. ಮದುವೆಯಾಗಿ ಬಂದ ವರ್ಷ ಅವಳು ತವರಿನಿಂದ ಸೆರಗಿನ ತುದಿಗೆ ಗಂಟು ಹಾಕಿ ತಂದ ಬೀಜದ ಸಂತಾನ ಅದು. ಗಂಡ ಬೈರಯ್ಯ ಇದ್ದಾಗಲೂ, ಅವನು ಹೋದ ಮೇಲೂ, ದಿನ ಬಿಟ್ಟು ದಿನ ಬೆಳಕು ಹರಿಯುವ ಮುಂಚೆ ಹೂ ಬಿಡಿಸಿ, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ, ಮೊದಲ ಬಸ್ಸಿಗೆ ಹೊಳೆನರಸೀಪುರಕ್ಕೆ ಒಯ್ಯುತ್ತಿದ್ದಳು. ವಾಸನೆಯಿಲ್ಲದ ಹೂವು, ಆದರೆ ಇವತ್ತು ಮುಡಿದರೆ ನಾಳೆಯೂ ಬಾಡದು. ಬಸ್‌ಸ್ಟ್ಯಾಂಡಿನಲ್ಲಿ ಟೀಚರಮ್ಮಂದಿರು ಅವಳ ಬುಟ್ಟಿಗೆ ಕಾಯುತ್ತಿದ್ದರು.

ಈ ವರ್ಷ ಬೇರುಗಂಟು ರೋಗ ಬಿತ್ತು. ಒಂದೊಂದೇ ಗಿಡ ಹಳದಿಗೆ ತಿರುಗಿ ಒಣಗಿತು. ಶಿವರಾತ್ರಿ ಕಳೆಯುವಷ್ಟರಲ್ಲಿ ಉಳಿದದ್ದು ಹಿತ್ತಿಲ ಮಡಿಯಿಂದ ದೂರ, ಮುಂದಿನ ಅಂಗಳದ ಅಂಚಿನಲ್ಲಿದ್ದ ಒಂದೇ ಗಿಡ. ಅದರ ಕಡ್ಡಿಯೂ ಸೊರಗಿತ್ತು, ಮುರಿದು ನೆಟ್ಟರೆ ಚಿಗುರುವಂತಿರಲಿಲ್ಲ. ಬಲಿತು ಒಣಗುತ್ತಿದ್ದ ಹನ್ನೊಂದು ತೆನೆ ಮಾತ್ರ ಇದ್ದವು.

"ಆಸನದ ನರ್ಸರಿಯಿಂದ ಡೆಲ್ಲಿ ಕನಕಾಂಬರದ ಸಸಿ ತಂದಾಕ್ತೀನಿ ಬುಡವ್ವ, ಊವು ದಪ್ಪ ಬತ್ತದೆ" ಎಂದ ಮಗ ಧರ್ಮೇಂದ್ರ.

"ಅದು ಬೀಜ ಕಟ್ಟಲ್ಲ ಕಣ್ಲಾ. ನಂಗೆ ಇದೇ ಬೇಕು."

ಈ ಬೀಜ ತೆಗೆಯಲು ಒಂದು ಕ್ರಮವಿದೆ. ಒಣಗಿದ ತೆನೆಯನ್ನು ಸುಡು ಬಿಸಿಲಲ್ಲಿ ಕೊಯ್ದು ಮಡಕೆಗೆ ಹಾಕಿ, ಬೊಗಸೆ ನೀರು ಚಿಮುಕಿಸಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಬೇಕು. ತೇವ ತಾಕಿದ ತಕ್ಷಣ ತೆನೆಯ ಕಾಯಿ ಚಟಚಟನೆ ಸಿಡಿದು ಬೀಜ ಚಿಮ್ಮುತ್ತದೆ. ಇನ್ನು ಎರಡು ದಿನಕ್ಕೆ ಕೊಯ್ಯುವುದೆಂದು ಸಣ್ಣಕ್ಕ ಲೆಕ್ಕ ಹಾಕಿದ್ದಳು. ಸೊಸೆಗೆ ಹೇಳಲು ಮರೆತಿದ್ದಳು.

ಸೊಸೆ ನಾಗಲಕ್ಷ್ಮಿ ಅರಕಲಗೂಡು ಕಡೆಯವಳು, ಬಂದು ಆರು ತಿಂಗಳು. ಅತ್ತೆ ಕಣ್ಣು ತೋರಿಸಲು ಹೋದ ದಿನ, ಬಾಡಿದ ಗಿಡ ನೋಡಿ ನೀರು ಸಾಲದೆಂದುಕೊಂಡಳು. ತವರಿನಲ್ಲಿ ಸೊಪ್ಪಿನ ಮಡಿಗೆ ಹಾಕುತ್ತಿದ್ದಂತೆ ಪೈಪು ಹಿಡಿದು ತಲೆಯ ಮೇಲೆಯೇ ನೀರು ಬಿಟ್ಟಳು. ಗಿಡ ಚಟಚಟ ಸಿಡಿಯಿತು. ಕೆನ್ನೆಗೆ ಏನೋ ಬಡಿಯಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ತೆನೆಗಳು ಬರಿದಾಗಿದ್ದವು.

ಸಣ್ಣಕ್ಕ ಬಂದಾಗ ಸೊಸೆ ಬಾಗಿಲಲ್ಲೇ ಅಳುತ್ತಾ ನಿಂತಿದ್ದಳು.

"ನಾನೇ ಆಳು ಮಾಡ್ದೆ ಕಣತ್ತೆ."

ಸಣ್ಣಕ್ಕ ಅಂಗಳದಲ್ಲಿ ಮಂಡಿಯೂರಿ ಬೆರಳಿನಿಂದ ಮಣ್ಣು ಮುಟ್ಟಿದಳು. ನೆನೆದ ಬೀಜ ಲೋಳೆಯಾಗಿ ಮಣ್ಣಿಗೆ ಅಂಟಿಕೊಂಡಿತ್ತು, ಎತ್ತಿದರೆ ಕೆಡುತ್ತಿತ್ತು. ಸೀರೆಯ ಮಣ್ಣು ಕೊಡವಿ ಎದ್ದಳು.

"ನಾನು ಯೋಳ್ಬೇಕಾಗಿತ್ತು. ಯೋಳ್ದೆ ಓದೆ. ಅಳ್ಬ್ಯಾಡ, ಪೊರಕೆ ತಂದು ಒಳಗಿಕ್ಕು. ಇನ್ನೊಂದು ತಿಂಗ್ಳು ಇಲ್ಲಿ ಯಾರೂ ಗುಡಿಸ್ಬಾರ್ದು."

ಧರ್ಮೇಂದ್ರ ಬೈಕು ನಿಲ್ಲಿಸುವ ಜಾಗವೂ ಅದೇ. ಸಂಜೆ ಬಂದವನು ಅಡ್ಡ ಕಟ್ಟಿದ್ದ ಹಗ್ಗ ನೋಡಿದ.

"ಬೈಕ್ ಎಲ್ಲವ್ವ ನಿಲ್ಲುಸ್ಲಿ, ನನ್ ತಲೆ ಮ್ಯಾಲಾ?"

"ಮ್ಯಾಲ್ಯಾಕೆ, ತಲೆ ಒಳಗೇ ನಿಲ್ಲುಸ್ಕೊ ಕಣ್ಲಾ, ಖಾಲಿ ಜಾಗ ಬೇಕಾದಂಗದೆ."

ನಾಗಲಕ್ಷ್ಮಿ ಅಳುತ್ತಲೇ ನಕ್ಕಳು.

ದಿನಾ ಎರಡು ಹೊತ್ತು ಸಣ್ಣಕ್ಕ ಕೈಯಿಂದ ನೀರು ಚಿಮುಕಿಸಿದಳು. ಒಂದು ವಾರ, ಎರಡು ವಾರ. ಬರೀ ಗರಿಕೆ ಬಂತು. ಅದನ್ನೂ ಕೀಳಲು ಬಿಡಲಿಲ್ಲ. ನಾಗಲಕ್ಷ್ಮಿ ಆ ಕಡೆ ನೋಡುವುದನ್ನೇ ಬಿಟ್ಟಳು.

ಇಪ್ಪತ್ಮೂರನೇ ದಿನ ಬೆಳಿಗ್ಗೆ ಸಣ್ಣಕ್ಕ ಕೂಗಿದಳು. ಸೊಸೆ ಓಡಿ ಬಂದು, ಹಗ್ಗ ದಾಟಿ, ಎತ್ತಿದ ಕಾಲು ಊರಲು ಹೆದರಿ ಹಾಗೇ ನಿಂತಳು. ಗರಿಕೆಯ ನಡುವೆ ಎರಡೆರಡು ಎಲೆಯ ಸಸಿಗಳು. ಇಬ್ಬರೂ ಬಗ್ಗಿ ಎಣಿಸಿದರು. ಒಂಬತ್ತು.

"ಅಳೇ ಮಡಿಗೆ ಬ್ಯಾಡ, ಅಲ್ಲಿ ರೋಗ ಅದೆ" ಎಂದಳು ಸಣ್ಣಕ್ಕ. "ಎಲ್ಲಿ ನೆಡಾನ, ನೀನೇ ಯೋಳವ್ವ."

ಈ ಮನೆಯಲ್ಲಿ ಅವಳನ್ನು ಯಾರೂ ಇನ್ನೂ ಹಾಗೆ ಕೇಳಿರಲಿಲ್ಲ. ನಾಗಲಕ್ಷ್ಮಿ ಮನೆಯ ಸುತ್ತ ಒಂದು ಸಲ ನಡೆದು ಬಂದು, ತಾನು ದಿನವೆಲ್ಲ ನಿಲ್ಲುವ ಅಡುಗೆಮನೆಯ ಕಿಟಕಿಯ ಕೆಳಗೆ ಕೈ ತೋರಿಸಿದಳು.