ಹುಳಕ್ಕಿಷ್ಟು ಎಂದ ರೈಟರು

ನನ್ನ ಸೋದರಮಾವ ಸಣ್ಣಸ್ವಾಮಿಗೆ ಬುದ್ಧಿ ಹೇಳುವುದಕ್ಕಿಂತ ಕಾಫಿ ಗಿಡಕ್ಕೆ ಹೇಳುವುದು ಮೇಲು. ಅಮ್ಮತ್ತಿ ಹತ್ತಿರದ ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರಾಗಿ, ದಿನಾ ಬೆಳಿಗ್ಗೆ ಆಳುಗಳ ಹಾಜರಿ ಕೂಗಿದ ಮನುಷ್ಯ. ನಿವೃತ್ತಿಯಾದರೂ ಆ ಗತ್ತು ಇಳಿದಿಲ್ಲ.

ಅತ್ತೆ ವನಜಮ್ಮ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಾಗ, ಕಂಪ್ಯೂಟರ್ ಅಂಗಡಿಯವನಾದ ನಾನೇ ಅವರಿಗೊಂದು ಆನ್‌ಲೈನ್ ಹೌಸಿ, ಅಂದರೆ ತಂಬೋಲ, ಆಟ ಮಾಡಿಕೊಟ್ಟೆ. ಭಾನುವಾರ ನಾಲ್ಕಕ್ಕೆ ಅತ್ತೆ ಮೈಕಿನಲ್ಲಿ ನಂಬರು ಕೂಗುವುದು. ಹಿಂದೆ ಎಸ್ಟೇಟಿನ ಆಳುಗಳ ಲೈನುಮನೆಗಳಲ್ಲಿದ್ದು ಈಗ ಕುಟ್ಟ, ನೆಲ್ಯಹುದಿಕೇರಿ ಅಂತ ಚದುರಿಹೋದ ನಲವತ್ತು ಜನ ಮೊಬೈಲಿನಲ್ಲೇ ಆಡುವುದು. ವಾರವಿಡೀ ಅತ್ತೆ ಕಾಯುತ್ತಿದ್ದುದು ಆ ಒಂದು ಗಂಟೆಗೆ.

ಯಾವ ಪುಣ್ಯಾತ್ಮನಿಗೆ ಅದೂ ಕಣ್ಣು ಕುಕ್ಕಿತೋ! ಸಾಲಾಗಿ ಮೂರು ಭಾನುವಾರ ನೂರಾರು ಸುಳ್ಳು ಹೆಸರು ನುಗ್ಗಿಸಿ ಆಟವನ್ನೇ ಕೆಡವಿದ. ಸುಳ್ಳು ಹೆಸರಿಗೂ ಬಾಗಿಲು ತೆರೆದಿಟ್ಟ ತಪ್ಪು ನನ್ನದೇ, ಒಪ್ಪಿದೆ. ಆದರೆ ಅತ್ತೆ ಮೈಕನ್ನು ದಿಂಬಿನಡಿ ತುರುಕಿ, "ಸಾಕು ಅಶ್ವಥ್, ನಂಗೆ ಬ್ಯಾಡ" ಎಂದು ಗೋಡೆ ಕಡೆ ತಿರುಗಿಬಿಟ್ಟರು.

ಮಾವ ಆಟದವರ ವಾಟ್ಸಾಪ್ ಗ್ರೂಪಿನಲ್ಲಿ ಸಾರಿಯೇಬಿಟ್ಟರು: ದಾಳಿಕೋರನನ್ನು ಹಿಡಿದುಕೊಟ್ಟರೆ ತಲೆಗೊಂದು ಕಿಲೋ ಕಾಳುಮೆಣಸು.

"ಬೇಡ ಮಾವ."

"ಸುಮ್ನಿರಪ್ಪ! ತೋಟಕ್ಕೆ ಕಾಂಡ ಕೊರೆಯೋ ಹುಳ ಬಂದಾಗ ಹುಳಕ್ಕಿಷ್ಟು ಅಂತ ದುಡ್ಡು ಕೊಟ್ಟು ಹಿಡಿಸಿದೋನು ನಾನು. ನಂಗೇ ಹೇಳ್ತೀಯಾ?"

ಅತ್ತೆ ಬೇಡವೆಂದರೂ ಮುಂದಿನ ಭಾನುವಾರ ನಾನು ಆಟ ತೆರೆದೆ; ಶುರುವಾಗುವ ಮೊದಲೇ ಬಿತ್ತು. ಸಂಜೆ ಐದರೊಳಗೆ ಹನ್ನೊಂದು ಜನ ಸಿಕ್ಕಿಬಿದ್ದಿದ್ದರು. ನಮ್ಮ ಆಟದವನೇ ಆದ ಗುಂಡನನ್ನು ಅವನ ಭಾವ ಚಂದ್ರು ಹಿಡಿದಿದ್ದ. ಚಂದ್ರುವನ್ನು ಗುಂಡ ಹಿಡಿದಿದ್ದ! ಮಾತಾಡಿಕೊಂಡೇ ಬಂದವರಂತೆ ಇಬ್ಬರೂ ಮೆಣಸಿಗೆ ಚೀಲ ತಂದು ಜಗಲಿಯಲ್ಲಿ ಹಲ್ಲು ಕಿರಿಯುತ್ತಿದ್ದರು.

"ಆವಾಗ ಹುಳ ಕಮ್ಮಿಯಾಯ್ತಾ ಮಾವ?" ಎಂದು ಹಲ್ಲು ಕಚ್ಚಿ ಕೇಳಿದೆ.

ಮಾವ ತಲೆ ಕೆರೆದುಕೊಂಡರು. "ಎಲ್ಲಿ ಕಮ್ಮಿ? ಆಳುಗಳು ಪಕ್ಕದ ತೋಟದಿಂದ ಡಬ್ಬೀಲಿ ತಂದ್ಕೊಡ್ತಿದ್ರು."

"ಈಗ ಹೇಳ್ತೀರಲ್ಲ, ಕರ್ಮ!"

ಒಳಗಿಂದ ಅತ್ತೆ ರೇಗಿದರು: "ಅಷ್ಟು ವರ್ಷ ಹಾಜರಿ ಕೂಗಿದೋರಿಗೆ ಇದು ಹೊಳೀಲಿಲ್ವಾ? ಹೆಸರು ಕೂಗಿ. ಓ ಅಂದೋರ್ನ ಮಾತ್ರ ಒಳಗೆ ಬಿಡಿ. ನಾನಂತೂ ಮೈಕ್ ಮುಟ್ಟಲ್ಲ."

ಮರುವಾರ ಮಾವ ಮೂರಕ್ಕೇ ಮೊಬೈಲಿನಲ್ಲಿ ಹಾಜರಿ ಶುರುಮಾಡಿದರು. ಒಂದೊಂದು ಹೆಸರಿಗೆ ಒಂದೊಂದು 'ಓ', ನಡುವೆ ಕಾಫಿ ಪಿಕ್ಕಿಂಗ್ ಮುಗೀತಾ, ಮಂಡಿನೋವು ಹೇಗಿದೆ ಅಂತ ವಿಚಾರಣೆ ಬೇರೆ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಸುಳ್ಳು ಹೆಸರುಗಳಿಗೆ ಓಗೊಡಲು ಬಾಯಿ ಎಲ್ಲಿಂದ ಬರಬೇಕು? ಅವೆಲ್ಲ ಹೊರಗೇ ಉಳಿದವು.

ಕೊನೆಗೆ ಮಾವ ಗಂಟಲು ಸರಿಮಾಡಿಕೊಂಡರು. ರೈಟರ ಹೆಂಡತಿಯ ಹೆಸರು ಹಾಜರಿಯಲ್ಲಿ ಯಾವತ್ತೂ ಇದ್ದದ್ದಲ್ಲ.

"ವನಜಮ್ಮ!"

ನಲವತ್ತು ಜನ ಕಾಯುತ್ತಿದ್ದರು.

"ವನಜಮ್ಮ!" ಈ ಸಲ ಮಾವ ಒಳಗಿನ ಮಂಚದ ಕಡೆ ತಿರುಗಿ ಕೂಗಿದರು.

ಅತ್ತೆ ದಿಂಬಿನಡಿ ಕೈಹಾಕಿ ಮೈಕು ಹೊರತೆಗೆದರು.

"ಓ," ಎಂದರು. "ಮೊದಲನೇ ನಂಬರು, ಏಳು."