ಪಾತ್ರೆಯಿಲ್ಲದ ಸ್ಟೌ

ಎಪ್ಪತ್ನಾಲ್ಕನೇ ಇಸವಿ. ಸೀಮೆಎಣ್ಣೆಗಾಗಿ ಹೆಂಗಸರು ನಸುಕಿನಿಂದಲೇ ರೇಷನ್ ಅಂಗಡಿಯ ಮುಂದೆ ಡಬ್ಬಿ ಸಾಲು ಹಚ್ಚುತ್ತಿದ್ದ ಕಾಲ. ಅಂಥದ್ದರಲ್ಲಿ ಮುಂಬೈಯ ಧಾರಾವಿಯ ಹಾಲವ್ವ ಮಟಮಟ ಮಧ್ಯಾಹ್ನ ಪಂಪ್ ಸ್ಟೌ ಹಚ್ಚಿ, ಮೇಲೆ ಏನೂ ಇಡದೆ ಭರ್ರೆಂದು ಉರಿಯಲು ಬಿಟ್ಟಳು. ಆಮೇಲೆ, ಪ್ರಶ್ನೆ ಕೇಳಲು ಬಂದಿದ್ದ ಸೇವಂತಿಯ ಕಿವಿಗೆ ಬಾಗಿದಳು.

"ಈಗ ಕೇಳ್ರಿ ಅಕ್ಕಾರ. ತಗಡಿನ ಗ್ವಾಡಿ ಆಚೀಕ ನಮ್ಮತ್ತಿ ಮಲಗ್ಯಾಳ."

ಸೇವಂತಿಗೆ ಕೇಳಬೇಕಾದದ್ದು ಮರೆತೇಹೋಯಿತು.

ಸಂಸಾರದಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಕೈ ಏಳುತ್ತದೆ ಎಂಬುದು ಅವಳ ಸಂಶೋಧನೆ. ಸಮಾಜ ಮನಶ್ಶಾಸ್ತ್ರ ಓದಿದವಳು. ಬೈಕುಲ್ಲಾದ ಒಂಟಿಕೋಣೆ ಮನೆಗಳ ಚಾಳಿನಲ್ಲಿ ಅವಳ ಅಮ್ಮ ಶೀಲಾವತಿಯೂ, ಅಪ್ಪ ಹೋಟೆಲಿನಿಂದ ಬಂದು ಒಳಗಿನಿಂದ ಚಿಲಕ ಹಾಕಿದೊಡನೆ, ಸ್ಟೌಗೆ ಪಂಪ್ ಹೊಡೆಯುತ್ತಿದ್ದಳು. ಚಹಾ ಆಗುತ್ತದೆಂದು ಪುಟ್ಟ ಸೇವಂತಿ ಲೋಟ ಹಿಡಿದು ಬಾಗಿಲಾಚೆ ಕಾಯುತ್ತಿದ್ದಳು. ಚಹಾ ಬರುತ್ತಿರಲಿಲ್ಲ, ಊದಿದ ಕೆನ್ನೆಯ ಅಮ್ಮ ಬರುತ್ತಿದ್ದಳು.

ಗಂಡನ ಕೈ ಯಾವುದಕ್ಕೆ ಏಳುತ್ತದೆಂದು ಹಾಲವ್ವ ಹೇಳಿದಳು: ರೊಟ್ಟಿ ಆರಿಹೋದದ್ದಕ್ಕೆ, ನಲ್ಲಿಯಲ್ಲಿ ತಡವಾದದ್ದಕ್ಕೆ. ಹೇಳುವಾಗಲೂ ಚರ್ಮದ ಪಾಕೀಟಿಗೆ ಗುಂಡಿ ಹೊಲಿಯುತ್ತಲೇ ಇದ್ದಳು. ಆ ಮನೆಯಲ್ಲಿ ಅದನ್ನು ಯಾರೂ ಕೆಲಸ ಅನ್ನುತ್ತಿರಲಿಲ್ಲ.

ಗಂಡನಿಗೂ ಅದೇ ಪ್ರಶ್ನೆ ಕೇಳಿ ಇಬ್ಬರ ಉತ್ತರ ತಾಳೆ ನೋಡಬೇಕೆಂಬುದು ಅವಳ ಪ್ರೊಫೆಸರರ ಪದ್ಧತಿ. ಭಾನುವಾರ ಸೇವಂತಿ ಮತ್ತೆ ಹೋದಳು. ಲೋಕಲ್ ರೈಲಿನ ಗದ್ದಲದ ನಡುವೆಯೂ ದಾರಿಯುದ್ದಕ್ಕೂ ಅವಳಿಗೆ ಸ್ಟೌ ಸದ್ದೇ ಕೇಳುತ್ತಿತ್ತು.

ಹಾಲವ್ವನ ಗಂಡ, ಗಾರೆ ಕೆಲಸದ ಚಂದ್ರಾಮ ರಜೆಯಲ್ಲಿದ್ದ. "ಬರ್ರಿ ಅಕ್ಕಾರ, ಗಂಡಸರ ತ್ರಾಸ ಕೇಳಾವ್ರೂ ಅದಾರಂದ್ರ ಚಲೋ ಆತು!" ಎಂದು ನಕ್ಕ. ಊರಿಗೆ ಹೋಗುವ ಮಾತು, ಮಕ್ಕಳ ಶಾಲೆಯ ಮಾತು, ಎಲ್ಲದಕ್ಕೂ ಖುಷಿಯಿಂದ ಉತ್ತರಿಸಿದ.

"ಜಗಳ ಆದಾಗ ಕೈ ಮಾಡ್ತೀರಾ?"

ನಗು ನಿಂತಿತು. "ಆಕಿ ಏನಾರ ಅಂದಾಳೇನು?"

"ಇಲ್ಲ, ಎಲ್ಲರನ್ನೂ ಕೇಳ್ತೇವೆ."

"ಹಂಗೇನು?" ಅವನು ಹೆಂಡತಿಯ ಕಡೆ ತಿರುಗಿದ. "ಅಕ್ಕಾರು ಹೋಗ್ಲಿ, ಆಮ್ಯಾಲೆ ಮಾತಾಡೂಣು."

ಹಾಲವ್ವ ಎದ್ದಳು. ಸ್ಟೌಗೆ ಪಂಪ್ ಹೊಡೆದಳು. ಪಾತ್ರೆ ಇಡಲಿಲ್ಲ.

"ಏ ಹುಚ್ಚಿ, ಎಣ್ಣಿ ನಿಮ್ಮಪ್ಪ ಕಳಸ್ತಾನೇನು?"

ಅಪ್ಪ ಚಿಲಕ ಹಾಕುತ್ತಿದ್ದ ಸದ್ದು ಸೇವಂತಿಗೆ ನೆನಪಾಯಿತು. ಪದ್ಧತಿಯ ಪ್ರಕಾರ ಅವಳ ಕೆಲಸ ಮುಗಿದಿತ್ತು, ಎದ್ದು ಹೋಗಬೇಕಿತ್ತು. "ಇನ್ನೂ ಬಹಳ ಪ್ರಶ್ನೆ ಇವೆ," ಎಂದಳು. ತಕ್ಷಣ ತನ್ನ ಬಾಯಿಂದಲೇ ಬಂದ ಮಾತು ಕೇಳಿಸಿತು: "ಹಾಲವ್ವ, ಒಂದು ಲೋಟ ಚಹಾ ಸಿಗ್ತದಾ?"

ಆ ಹೆಂಗಸಿಗೆ ತಾನೂ ಇನ್ನೊಂದು ಕೆಲಸ ಹಚ್ಚಿದೆನಲ್ಲ ಅನ್ನಿಸಿತು. ಆದರೆ ಉರಿಯ ಮೇಲೆ ಪಾತ್ರೆ ಬಂತು, ನೀರು ಸದ್ದು ಮಾಡಿತು. ಯಾವ ಹಾಳೆಯಲ್ಲೂ ಇಲ್ಲದ ಪ್ರಶ್ನೆಗಳನ್ನು ಸೇವಂತಿ ಕೇಳುತ್ತಾ ಹೋದಳು: ಮುಂಬೈಗೆ ಕರೆತಂದವರು ಯಾರು, ಮೊದಲು ಕಟ್ಟಿದ ಬಿಲ್ಡಿಂಗ್ ಯಾವುದು. ಚಂದ್ರಾಮ ಆಕಳಿಸಿದ. ಸೇವಂತಿ ಚಹಾವನ್ನು ಎಷ್ಟು ನಿಧಾನವಾಗಿ ಕುಡಿಯಬಹುದೋ ಅಷ್ಟು ನಿಧಾನವಾಗಿ ಕುಡಿದಳು.

ಕೊನೆಗೆ ಲೋಟದ ತಳ ಕಂಡಿತು. ಚಂದ್ರಾಮ ಎದ್ದು ಬಾಗಿಲ ಬಳಿ ನಿಂತ. ಕೈ ಚಿಲಕದ ಮೇಲಿತ್ತು. ಪಾತ್ರೆ ಇಳಿಸಿದ್ದರೂ ಹಾಲವ್ವ ಸ್ಟೌ ಆರಿಸಿರಲಿಲ್ಲ.

ಸೇವಂತಿ ಕುಳಿತಲ್ಲಿಂದಲೇ ಲೋಟ ಮುಂದೆ ಚಾಚಿದಳು.

"ಇನ್ನರ್ಧ ಲೋಟ," ಎಂದಳು.